ಅಂಜನಾಳ ಹದಿನೇಳು ಗಂಟು

ಇಳಕಲ್, ಶುಕ್ರವಾರ

ಅತ್ತಿಯವರಿಗೆ ದುಂಡೇಶನ ಶರಣು.

ಫೋನಿನ್ಯಾಗ ನಿಮ್ಮ ದನಿ ಮುಂದ ನನ್ನ ಮಾತು ನಡ್ಯೂದಿಲ್ಲ, ಅದಕ್ಕ ಪತ್ರ. ಐತವಾರ ಬರ್ರಿ, ಆದ್ರ ಅಂಜನಾನ ಕೂದಲಾ ಕತ್ತರಿಸೂ ವಿಚಾರ ಬಿಡ್ರಿ. ಅವ್ವ ಬಂದು ನೋಡೂತನಕ ಇರಲಿ ಅಂತ ಹುಡುಗಿ ಬೇಡಿಕೊಂಡಾಳ.

ಕಸ್ತೂರಿ ಹೆರಿಗಿಗೆ ನಿಮ್ಮಲ್ಲಿ ಬಂದಮ್ಯಾಲೆ ಮಗಳ ತಲಿ ನನ್ನ ಪಾಲಿಗೆ ಬಂತು. ನಾ ನೆತ್ತಿಯಿಂದ ಹಣಗಿ ಎಳೀತಿದ್ದೆ, ಆಕಿ ಓಣಿ ಕೂಡೂಹಂಗ ಅಳತಿದ್ದಳು. ನಿನ್ನೆ, ನಮ್ಮ ಮಗ್ಗಕ್ಕ ರೇಷ್ಮಿ ಲಡಿ ಬಿಡಿಸಿಕೊಡೂ ಸುಂದರವ್ವ ನೋಡಿ, "ರೇಷ್ಮಿ ಆಗಿದ್ರ ಹಿಂಗ ಎಳೀತಿದ್ರೇನ್ರಿ, ಸಾವ್ಕಾರ್ರ?" ಅಂದಳು.

ಕೊಬ್ಬರಿ ಎಣ್ಣಿ ಹಚ್ಚಿ, ಎಳತ ನೆತ್ತಿಗೆ ಹತ್ತಧಂಗ ಗಂಟಿನ ಮ್ಯಾಲೆ ಮುಷ್ಟಿ ಹಿಡದು, ತುದಿಯಿಂದ ಒಂದೊಂದ ಎಳಿ ಬಿಡಿಸಿದಳು. ನಾ ಎಣಿಸೀನಿ: ಗಂಟು ಹದಿನೇಳು, ಕಣ್ಣೀರು ಒಂದ ಹನಿನೂ ಇಲ್ಲ. ಇಪ್ಪತ್ತು ವರ್ಷ ಆ ಕೈ ದಾಟಿದ ಸೀರಿ ಮಾರೀನಿ, ಆ ಕೈ ನೋಡಿದ್ದು ಮಾತ್ರ ನಿನ್ನೆ.

ಇವತ್ತ ಮುಂಜಾನೆ ನಾನ ಬಾಚಿದೆ. ಜಡಿ ಹೆಣದು ರಿಬ್ಬನ್ ಕಟ್ಟೂದ್ರಾಗ ಅಂಜನಾ ಕೇಳಿದಳು, "ಅಪ್ಪಾ, ಯಾವಾಗ ಸುರು ಮಾಡ್ತಿ?"

ನಿಮ್ಮ ಅಳಿಯ,
ದುಂಡೇಶ