ಸಾಲಿನ ಕೊನೆಯವನು

ಭಾನುವಾರ, ಸಂಜೆ

ಪ್ರೀತಿಯ ಅತ್ತಿಗೆಗೆ ನಮಸ್ಕಾರ.

ತೀರಿಕೊಂಡ ನಿಮ್ಮ ಯಜಮಾನರ ಬಗ್ಗೆ ಸಂಚಿಕೆಗೆ ನಾಲ್ಕು ಮಾತು ಬರೆದುಕೊಡಿ ಎಂದು ನಮ್ಮ ಕೋಟೆ ಬಳಗದ ಕಾರ್ಯದರ್ಶಿ ಬೆನ್ನು ಹತ್ತಿದ್ದಾನೆ. ಇಪ್ಪತ್ತು ವರ್ಷ ಜೊತೆಗೆ ಕೋಟೆ ಸುತ್ತಿದವನು ನಾನಲ್ಲದೆ ಇನ್ಯಾರು ಬರೆಯಬೇಕು? ಆದರೆ 'ಪ್ರಾಮಾಣಿಕ' ಎಂದು ಬರೆಯಹೊರಟಾಗಲೆಲ್ಲ ಪೆನ್ನು ನಿಲ್ಲುತ್ತದೆ. ಕೋಪ ಮಾಡಿಕೊಳ್ಳಬೇಡಿ, ಪೂರ್ತಿ ಓದಿ.

ಬಳಗದಲ್ಲಿ ಅವನನ್ನು ಎಲ್ಲರೂ 'ಬಾಲ' ಎನ್ನುತ್ತಿದ್ದೆವು. ಕಳೆ ಕಿತ್ತು, ಗುಡಿಸಿ, ಕೋಟೆ ಇಳಿಯುವಾಗ ಯಾರೂ ತಪ್ಪಿಸಿಕೊಳ್ಳದಂತೆ ಒಬ್ಬರು ಕೊನೆಯಲ್ಲಿ ನಡೆಯಬೇಕು. ಸರದಿಯ ಮೇಲೆ ಮಾಡುತ್ತಿದ್ದ ಆ ಕೆಲಸವನ್ನು ಇತ್ತೀಚೆಗೆ ಅವನು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಕೆತ್ತನೆ ಕಲ್ಲುಗಳು ಕಾಣೆಯಾಗತೊಡಗಿದ್ದೂ ಆಗಲೇ. ನಾನು ಫೋಟೋ ತೆಗೆದು ಸಂಚಿಕೆಗೆ ಹಾಕಿದ ಕಲ್ಲು ಮುಂದಿನ ಸಲ ಹೋದಾಗ ಇರುತ್ತಿರಲಿಲ್ಲ. ಮೊದಲು ಜೋಡಿ ಹಂಸ, ಆಮೇಲೆ ಕುದುರೆ ಸವಾರ, ಆಮೇಲೆ ನಾನು ಜೀವ ಬಿಡುತ್ತಿದ್ದ ನಗುವ ಸಿಂಹ. ಎಲ್ಲವೂ ಒಬ್ಬನೇ ಎತ್ತಬಹುದಾದ ಪುಟ್ಟ ಕಲ್ಲುಗಳು.

ನಾವೆಲ್ಲ ವ್ಯಾನ್ ಹತ್ತಿ ಕೂತ ಮೇಲೆ ಬಾಲ ಬರುತ್ತಿದ್ದ, ಉಗುರ ತುಂಬ ಮಣ್ಣು. ಏನಯ್ಯಾ, ಕೋಟೇನೇ ಹೊತ್ಕೊಂಡ್ ಬಂದ್ಯಾ ಅಂತ ಒಮ್ಮೆ ತಮಾಷೆ ಮಾಡಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಚೀಲವನ್ನು ಎದೆಗೆ ಅವುಚಿಕೊಂಡ. ದಾರಿಯುದ್ದಕ್ಕೂ ನನ್ನನ್ನೇ ನೋಡಿದ. ಮತ್ತೆಂದೂ ನನ್ನ ಪಕ್ಕ ಕೂರಲಿಲ್ಲ. ಅದರಿಂದ ನನಗೆ ಬಹಳ ನೋವಾಯಿತು, ಅತ್ತಿಗೆ.

ಮೊನ್ನೆ ನಿಮ್ಮಲ್ಲಿಗೆ ಬಂದಾಗ ಹಿತ್ತಿಲ ಕೋಣೆಗೆ ಬೀಗ ಹಾಕಿತ್ತು. ನೀವು ಅಳುತ್ತಿದ್ದಿರಿ, ನನ್ನ ಹಾಳು ಕಣ್ಣು ಆ ಬೀಗದ ಮೇಲೇ ಇತ್ತು. ಕಲ್ಲುಗಳು ಅಲ್ಲಿವೆಯೇ? ಇದ್ದರೆ ಹೇಳಿ, ಮೂರನೆಯವರಿಗೆ ತಿಳಿಯದಂತೆ ನಾನೇ ಕೋಟೆಗೆ ಮುಟ್ಟಿಸುತ್ತೇನೆ. ಅವನ ಹೆಸರಿಗೆ ಮಸಿ ಹತ್ತಲು ಬಿಡುವುದಿಲ್ಲ. ಇಲ್ಲವಾದರೆ ನನ್ನ ಮುಖಕ್ಕೆ ಉಗಿಯಿರಿ, ಒರೆಸಿಕೊಂಡು ನೆಮ್ಮದಿಯಾಗಿ ಬರೆಯುತ್ತೇನೆ.

ನಿಮ್ಮ ಮೈದುನನಂತಿರುವ
ಫೋಟೋದವನು

ತಾ.ಕ.: ಅಂಚೆಗೆ ಹಾಕಲು ಹೊರಟಾಗ ಬಳಗದ ಟೀಚರಮ್ಮ ಸಿಕ್ಕರು. ತಡೆಯಲಾರದೆ ಎಲ್ಲ ಹೇಳಿಬಿಟ್ಟೆ. ಹಂಸ ಒಂದೇ ಕಣ್ರೀ ಕಳುವಾಗಿದ್ದು, ಮಿಕ್ಕಿದ್ದನ್ನ ನಿಮ್ಮ ಬಾಲ ಅವರೇ ಅಲ್ಲಲ್ಲೇ ಮಗುಚಿ ಮಣ್ಣು ಮುಚ್ತಿದ್ರು, ಕಳ್ಳರ ಕಣ್ಣಿಗೆ ಬೀಳ್ದೆ ಇರ್ಲಿ ಅಂತ, ಒಂದ್ಸಲ ನಾನೇ ನೋಡ್ದೆ ಅಂದರು. ಹಾಗಾದರೆ ನನಗೇಕೆ ಹೇಳಲಿಲ್ಲ ಎಂದು ರೇಗಿದೆ. ಅವರು ಮುಖ ಆಚೆ ತಿರುಗಿಸಿ, ನೀವು ಫೋಟೋ ತೆಗೆದ್ ಕಲ್ಲೇ ಹೋಯ್ತಲ್ಲ, ನಿಮಗ್ ಮಾತ್ರ ಗೊತ್ತಾಗ್ಬಾರ್ದು ಅಂತ ಆಣೆ ಹಾಕಿಸ್ಕೊಂಡಿದ್ರು ಅಂದರು.

ಅತ್ತಿಗೆ, ಅವನು ನನ್ನನ್ನು ಕಳ್ಳನೆಂದುಕೊಂಡೇ ಹೋಗಿಬಿಟ್ಟ. ನೀವೂ ಹಾಗೇ ಅಂದುಕೊಂಡಿದ್ದೀರಾ?