ಅನ್ಸೆಲ್ಮು ನಿಂತ ಸಾಲು

ಓಬಿದುಸ್
9 ನವೆಂಬರ್ 1996

ನನ್ನ ಮುದ್ದು ಜುಸಾರಾ,

ಹೇಗಿದ್ದೀಯೇ? ಬೆಲೇಂ ಹಾಸ್ಟೆಲ್ಲಿನಲ್ಲಿ ಮೀನನ್ನು ನೆಟ್ಟಗೆ ಬೇಯಿಸುತ್ತಾರೋ ಇಲ್ಲವೋ. ಎಂ.ಎಸ್ಸಿ. ಓದಿನ ನೆಪದಲ್ಲಿ ಊಟ ಬಿಡಬೇಡ. ನನ್ನ ಮಂಡಿ ಊದಿಕೊಂಡಿದೆ. ಗಂಟಲು ಮಾತ್ರ ಸರ್ಕಸ್ ಡೇರೆಯ ನಾಟಕಗಳಲ್ಲಿ ಖಳನಾಯಕನಾಗಿ ಗರ್ಜಿಸುತ್ತಿದ್ದಾಗ ಹೇಗಿತ್ತೋ ಹಾಗೇ ಇದೆ. ಪಕ್ಕದ ಮನೆಯ ಜುಲ್ಮಿರಾ ಬೇಲಿಯಾಚೆಯಿಂದ ಬೈಯುತ್ತಾಳೆ: “ಎವರಿಸ್ತಣ್ಣ, ಕೆಮ್ಮೋದಾದ್ರೂ ಮೆಲ್ಲಗೆ ಕೆಮ್ಮು, ನನ್ನ ಕೋಳಿಗಳು ಮೊಟ್ಟೆ ಇಡೋದೇ ನಿಲ್ಸಿವೆ.”

ಸತ್ತವರ ದಿನಕ್ಕೆ ನೀನು ಬರಲಿಲ್ಲ. ಊರೆಲ್ಲ ಮೇಣದ ಬತ್ತಿ ಹಿಡಿದು ಸ್ಮಶಾನಕ್ಕೆ ಹೋಯಿತು. ನಿನ್ನ ಅಣ್ಣ ಅನ್ಸೆಲ್ಮುವಿಗೆ ಗೋರಿ ಎಲ್ಲಿದೆ? ದೋಣಿ ಮಗುಚಿದ ದಿನದಿಂದ ನದಿ ಅವನನ್ನು ಹಿಂದಿರುಗಿಸಲೇ ಇಲ್ಲ. ನಾನು ದೋಣಿಕಟ್ಟೆಯ ಮೇಲೆ ಬತ್ತಿ ಹಚ್ಚಿ, ಗಾಳಿಗೆ ಕೈ ಅಡ್ಡ ಹಿಡಿದು ನಿಂತೆ. ಗದರಿಸುತ್ತಿಲ್ಲ, ಮಗಳೇ. ನೀನು ಯಾಕೆ ಬರುವುದಿಲ್ಲವೆಂದು ಬಲ್ಲೆ.

ಇಬ್ಬರೂ ಬೆಲೇಂಗೆ ಹೋಗಿ ಎಂ.ಎಸ್ಸಿ.ಯ ಒಂದೇ ಪ್ರವೇಶ ಪರೀಕ್ಷೆಗೆ ಕೂತಿರಿ. ಇಂಗ್ಲಿಷ್ ಮಾತಾಡಬೇಕಿರಲಿಲ್ಲ, ಕೊಟ್ಟ ಪುಟ ಓದಿ ಅರ್ಥವನ್ನು ನಮ್ಮ ಭಾಷೆಯಲ್ಲಿ ಬರೆದರೆ ಸಾಕಿತ್ತು. ಯಾರು ಬೇಕಾದರೂ ತಮ್ಮ ನಿಘಂಟು ಒಯ್ಯಬಹುದು, ಇನ್ನೊಬ್ಬರಿಗೆ ದಾಟಿಸುವಂತಿಲ್ಲ. ಮನೆಯಲ್ಲಿದ್ದುದು ಒಂದೇ, ಅದು ನಿನ್ನ ಪಾಲಾಯಿತೆಂದು ಕೊರಗುತ್ತೀಯ. ಹೊರಡುವಾಗ ಅವನೇ ಅದನ್ನು ನಿನ್ನ ಚೀಲಕ್ಕೆ ತುರುಕಿದ್ದನ್ನು ನಾನು ಕಂಡಿದ್ದೇನೆ. “ತಗೊಳ್ಳೇ, ನನ್ನ ತಲೇನೇ ನಿಘಂಟು. ನಿನ್ನ ತಲೇಲಿರೋದು ಬರೀ ಕೂದ್ಲು.”

ಇಂಗ್ಲಿಷನ್ನು ಬರೀ ಕಣ್ಣಲ್ಲಿ ಓದಲು ಕಲಿಸಿದ ಎವುಲಾಲಿಯಾ ಟೀಚರ್ ಅವನಿಗೆ ಎಷ್ಟು ಸಲ ಹೇಳಿದ್ದರು: “ಗೊತ್ತಿಲ್ಲದ ಪದ ಬಂದ್ರೆ ನಿಲ್ಬೇಡಪ್ಪಾ, ದಾಟ್ಕೊಂಡು ಹೋಗು. ಮುಂದಿನ ಸಾಲೇ ಅರ್ಥ ಹೇಳುತ್ತೆ.” ನೀನು ಕಪ್ಪೆಯಂತೆ ಹಾರುತ್ತಿದ್ದೆ. ಅವನಿಗದು ಆಗದು. ಒಂದು ಪದ ಬಿಡುವುದೆಂದರೆ ಯಾರನ್ನೋ ದಂಡೆಯಲ್ಲಿ ಬಿಟ್ಟು ದೋಣಿ ಬಿಟ್ಟಂತೆ, ಎನ್ನುತ್ತಿದ್ದ. ಪರೀಕ್ಷೆಯಲ್ಲೂ ಒಂದು ಪದದ ಮುಂದೆ ನಿಂತ; ನಿಂತಲ್ಲೇ ಹೊತ್ತು ಮುಗಿಯಿತು. ನೀನು ಫಲಿತಾಂಶಕ್ಕೆ ಕಾದು ಬೆಲೇಂನಲ್ಲೇ ಉಳಿದೆ, ಗೆದ್ದೆ. ಅವನು ಪ್ರಶ್ನೆಪತ್ರಿಕೆ ಹಿಡಿದು ಮನೆಗೆ ಬಂದ.

ಊರು ಜೋಲಿಗಳಲ್ಲಿ ಮಲಗಿದ ಸುಡು ಮಧ್ಯಾಹ್ನ, ಹಿಂದಿನ ಕೋಣೆಯಲ್ಲಿ ಕೂತು ಅದೇ ಪುಟವನ್ನು ಗಟ್ಟಿಯಾಗಿ ಓದುತ್ತಿದ್ದ. ಇಂಗ್ಲಿಷನ್ನು ಯಾರ ಬಾಯಲ್ಲೂ ಕೇಳದವನು. ಅಕ್ಷರಗಳನ್ನೆಲ್ಲ ನಮ್ಮೂರಿನ ಧಾಟಿಯಲ್ಲೇ ಉರುಳಿಸುತ್ತಿದ್ದ. ಆಮೇಲೆ ನನಗೆ ಹೇಳುತ್ತಿದ್ದ: “ಅಜ್ಜ, ನಮ್ಮ ನದಿ ಆಮೆಗಳ ವಿಷಯ. ತಾಯಾಮೆಗಳು ನೀರಲ್ಲಿ ಕಾಯ್ತಾ ಇವೆ, ಯಾರನ್ನೋ ಕರೀತಾ ಇವೆ. ಯಾರನ್ನ ಅನ್ನೋ ಪದವೇ ಗೊತ್ತಾಗ್ತಿಲ್ಲ.” ನಿನಗೆ ಬರೆದು ಕೇಳೋ ಎಂದರೆ, “ಬೇಡ, ವರ್ಷವಿಡೀ ನಗ್ತಾಳೆ.” ಫಲಿತಾಂಶ ಬಂದ ವಾರವೇ ಅವನು ಮೀನಿಗೆ ಹೋದ, ದೋಣಿ ಮಗುಚಿತು.

ಈಗ ಕೇಳು. ಮಧ್ಯಾಹ್ನವಾದರೆ ಆ ಕೋಣೆಯಿಂದ ಓದುವ ಸದ್ದು ಬರುತ್ತಿದೆ. ಅದೇ ದನಿ, ಅದೇ ಪುಟ. ಆ ಪದದವರೆಗೆ ಬಂದು ನಿಲ್ಲುತ್ತದೆ, ಮತ್ತೆ ಮೊದಲಿನಿಂದ. ಬಾಗಿಲು ತೆರೆದರೆ ಖಾಲಿ ಕುರ್ಚಿ, ನದಿಯ ಕೆಸರಿನ ವಾಸನೆ. ಜುಲ್ಮಿರಾಗೆ ಹೇಳಿದರೆ, “ಬದುಕಿರೋರು ಕೂಗಿದ್ರೆ ನಿನಗೆ ಕೇಳಲ್ಲ, ಸತ್ತೋರು ಓದಿದ್ದು ಕೇಳುತ್ತಾ?” ಎಂದಳು. ಮರುದಿನ ಬೇಲಿಯ ಬಳಿ ಬಟ್ಟೆ ಹರವುತ್ತಿದ್ದವಳು ಕೈ ತಡೆದು ಆ ಕೋಣೆಯತ್ತ ಕಿವಿಗೊಟ್ಟು, ಶಿಲುಬೆ ಗುರುತು ಮಾಡಿಕೊಂಡು ಒಳಗೆ ಓಡಿದಳು. ಈಗ ಆ ಕಡೆ ಬಟ್ಟೆ ಒಣಗಿಸುವುದಿಲ್ಲ.

ನನಗೆ ಹೆದರಿಕೆಯಾಗಲಿಲ್ಲ. ರಂಗದ ಮೇಲೆ ಮಾತು ಮರೆತು ನಿಂತವನ ಮೌನ ನಾನು ಕಂಡದ್ದೇ. ಪರದೆಯ ಮರೆಯಿಂದ ಯಾರಾದರೂ ಆ ಪದ ಎಸೆಯುವವರೆಗೆ ಅವನು ಮುಂದೆಯೂ ಹೋಗಲಾರ, ಒಳಗೂ ಬರಲಾರ. “ದಾಟ್ಕೊಂಡು ಹೋಗೋ, ಮಗಾ” ಎಂದು ಗರ್ಜಿಸಿದೆ. ಕೇಳಲಿಲ್ಲ. ಅವನಿಗೆ ಬೇಕಾದ ಅರ್ಥ ನನಗೆ ತಿಳಿಯದು. ನಿಘಂಟು ನಿನ್ನಲ್ಲಿದೆ, ಆ ಪುಟವನ್ನು ನೀನೂ ಓದಿದ್ದೀಯ. ಒಮ್ಮೆ ಬಾ. ಬಾಗಿಲಲ್ಲಿ ನಿಂತು ಹೇಳಿಕೊಡು, ಅವನು ಪುಟ ಮುಗಿಸಲಿ.

ನಜರೆಯ ಮಾತೆ ನಿನ್ನ ತಲೆಯ ಮೇಲೆ ಕೈಯಿಟ್ಟಿರಲಿ.

ನಿನ್ನ ಅಜ್ಜ,
ಎವರಿಸ್ತು

ತಾ.ಕ.: ಅಂಚೆಯ ದೋಣಿ ಕೂಗುತ್ತಿದೆ, ಅವಸರದಲ್ಲಿದ್ದೇನೆ. ಲಕೋಟೆ ಅಂಟಿಸುವಷ್ಟರಲ್ಲಿ ಅವನು ಓದಿದ. ಈ ಸಲ ನಿಲ್ಲಲಿಲ್ಲ. ಕೊನೆಗೂ ಊಹಿಸಲು ಕಲಿತಿದ್ದಾನೆ. ಆ ಪದವಿದ್ದ ಜಾಗದಲ್ಲಿ ನಿನ್ನ ಹೆಸರಿಟ್ಟು ಓದಿದ. ಬರಬೇಡ, ಜುಸಾರಾ. ಯಾರು ಕರೆದರೂ ದೋಣಿ ಹತ್ತಬೇಡ. ಆಮೆಗಳು ಕರೆಯುವುದು ಯಾರನ್ನೆಂದು ಕಾಗದದಲ್ಲಿ ಬರೆದು ಕಳಿಸು. ಗಂಟಲು ಗಟ್ಟಿಯಿದೆ, ನಾನೇ ಅವನಿಗೆ ಹೇಳಿಕೊಡುತ್ತೇನೆ.