ಒಂದೇ ಆಸ್ಪತ್ರೆ, ಮೂರು ಊರು

ತಾರೀಖು ಹನ್ನೆರಡು, ಮಂಗಳವಾರ.

ಹೊಟ್ಟೆಯ ಉರಿ ಇವತ್ತು ಸ್ವಲ್ಪ ತಣ್ಣಗಾಯಿತು. ಆರು ಸಲ ಗೆದ್ದ ಶಾಸಕ ನಾನು. ಹಳ್ಳಿ ಶಾಲೆಯ ಓದಿನಲ್ಲೇ ಸದನ ನಡುಗಿಸಿದವನು. ಅಂಥ ನನ್ನ ಟಿಕೆಟ್ಟನ್ನು ಬೆನ್ನ ಹಿಂದೆ ಹೊಡೆದುಕೊಂಡವನು ಸ್ವಂತ ತಂಗಿಯ ಮಗ! ಉಂಡ ಮನೆಯ ಜಂತೆ ಎಣಿಸಿದವನು, ಹೋದ ವಾರ ಹಲ್ಲು ಕಿರಿಯುತ್ತ ಬಂದ.

"ಮಾವ, ಗೆಲ್ಲೋ ಗುಟ್ಟು ಹೇಳ್ಕೊಡಿ."

"ಕೇಳಿದ್ದಕ್ಕೆಲ್ಲ ಹೂಂ ಅಂದ್ಬಿಡೋ" ಅಂದೆ.

ನಾನು ಯಾರಿಗೂ ಹೂಂ ಅಂದವನೇ ಅಲ್ಲ. "ನೋಡೋಣ" ಅನ್ನುತ್ತಲೇ ಆರು ಸಲ ಗೆದ್ದೆ.

ಪೆದ್ದ, ಒಂದೇ ಆಸ್ಪತ್ರೆಗೆ ಮೂರು ಊರಿನವರಿಗೂ ಹೂಂ ಅಂದಿದ್ದಾನೆ. ಇವತ್ತಿನ ಸಭೆಗೆ ಮೂರೂ ಊರಿನವರು ಒಟ್ಟಿಗೆ ಬಂದು ಕೊರಳಪಟ್ಟಿ ಹಿಡಿದರಂತೆ. ಸಂಜೆ ಹರಿದ ಅಂಗಿಯಲ್ಲೇ ಓಡಿಬಂದ.

"ಮಾವ, ನಾಡಿದ್ದೇ ಮತದಾನ. ಹೇಗಾದ್ರೂ ಕಾಪಾಡಿ!"

ಪ್ರೀತಿಯಿಂದ ತಲೆ ಸವರಿದೆ. "ನೋಡೋಣಪ್ಪ."

ಈಗ ತಂಗಿಯ ಫೋನು ಬಡಿದುಕೊಳ್ಳುತ್ತಿದೆ. ಅವಳಿಗೂ ಅದೇ ಮಾತು…